ತೂಗುಗುಂಡು

ಗೌಂಡಿ ಗುರುಶಿದ್ದಪ್ಪನಿಗೆ ಆರು ತಿಂಗಳಿಂದ ಆಗಾಗ ತಲೆಸುತ್ತು. ಯಾವ ಗಳಿಗೆಯಲ್ಲಿ ಬಂದೀತೋ ಎಂಬ ಅಂಜಿಕೆ ಅದಕ್ಕಿಂತ ದೊಡ್ಡದು. ಗೋಡೆ ವಾಲಿದಂತೆ ಕಂಡಾಗಲೆಲ್ಲ ದಾರ ಹಿಡಿದು ತೂಗುಗುಂಡು ಇಳಿಬಿಡುತ್ತಿದ್ದ. ಪ್ರತಿ ಸಲವೂ ಗೋಡೆ ನೆಟ್ಟಗೇ ಇರುತ್ತಿತ್ತು. ತಿರುಗುತ್ತಿದ್ದುದು ಅವನ ತಲೆ. ಕೂಲಿಯವರಿಗೆ ಗುಮಾನಿ ಬಂದೀತೆಂದು ಕೊನೆಗೆ ಗುಂಡನ್ನು ಚೀಲದಿಂದ ತೆಗೆಯುವುದನ್ನೇ ಬಿಟ್ಟುಬಿಟ್ಟ.

ಅಂದು ಬೈರಿದೇವರಕೊಪ್ಪದ ಹೊಸ ಮನೆಯಲ್ಲಿ ಎದೆಮಟ್ಟದ ಗೋಡೆ ವಾಲಿದಂತೆ ಕಂಡಿತು. ಹಲ್ಲು ಕಚ್ಚಿ ಇಟ್ಟಿಗೆ ಇಡುತ್ತಲೇ ಹೋದ.

ಸಿಮೆಂಟಿನ ಬುಟ್ಟಿ ಹೊತ್ತು ಬಂದ ದೇವಕ್ಕ ನಿಂತಳು. "ಕಾಕಾ, ಗ್ವಾಡಿ ವಾಲೇತಲ್ರಿ."

"ನಿನಗೂ ಕಾಣಾಕತ್ತೈತೇನವ್ವಾ?"

ಅವನ ಮುಖ ಅರಳಿತು. ಹಾಗಾದರೆ ತಲೆ ಸುತ್ತಿರಲಿಲ್ಲ. ಕಣ್ಣು ಖರೇ ಹೇಳಿತ್ತು.

ಆಮೇಲೆ, ಗುಂಡು ಇಳಿಬಿಡದೆ ಕಟ್ಟಿದ ಉಳಿದ ಗೋಡೆಗಳು ಒಂದೊಂದಾಗಿ ನೆನಪಾದವು.