ನನ್ನ ಕಿವಿಯಲ್ಲಿ ಎಣಿಸುವವಳು

ಹಳೆಯ ಆಡಿಯೋ ಇಂಟರ್‌ಫೇಸು ಕೈಕೊಟ್ಟ ಮೇಲೆ ನನಗೆ ಬೇಕಾಗಿದ್ದು ದೊಡ್ಡದೇನೂ ಅಲ್ಲ. ಲ್ಯಾಪ್‌ಟಾಪಿನೊಳಗಿನ ಸಂಗೀತವನ್ನು ಸ್ಪೀಕರಿಗೆ ದಾಟಿಸುವ ಒಂದು ಪುಟ್ಟ ಪೆಟ್ಟಿಗೆ. ಬೆನ್ನ ಚೀಲದಲ್ಲಿ ಹಿಡಿಯಬೇಕು, ಲ್ಯಾಪ್‌ಟಾಪಿನ ಕರೆಂಟಿನಲ್ಲೇ ನಡೆಯಬೇಕು, ಜೇಬಿಗೆ ಕತ್ತರಿ ಹಾಕಬಾರದು. ಅಂಗಡಿಯವನಿಗೆ ಇಷ್ಟೂ ಹೇಳಿದೆ. ಇನ್ನೊಂದು ಷರತ್ತು ಹೇಳುವಾಗ ಮಾತ್ರ ನನ್ನ ದನಿ ಇಳಿಯಿತು.

“ಜನಕ್ಕೆ ಒಂದು ಕೇಳ್ಬೇಕು, ನನ್ನ ಕಿವಿಗೆ ಇನ್ನೊಂದು ಕೇಳ್ಬೇಕು.”

“ನಾಲ್ಕು ಔಟ್‌ಪುಟ್ಟಿಂದು ಇದೆ ಸಾರ್, ಸ್ವಲ್ಪ ಭಾರ. ಈ ಚಿಕ್ಕದಕ್ಕೂ ಹೆಡ್‌ಫೋನ್ ಜಾಕ್ ಬೇರೆ ಇದೆ, ವಾಲ್ಯೂಮೂ ಬೇರೆ.”

ದೊಡ್ಡದನ್ನು ಎತ್ತಿ ನೋಡಿದೆ. “ಇಟ್ಟಿಗೆ ಹೊರೋಕೆ ನಾನೇನು ಗಾರೆ ಕೆಲಸದವನಾ?” ಎಂದು ಚಿಕ್ಕದನ್ನೇ ಕೊಂಡೆ.

ನಾನೂ ಅಕ್ಕನೂ ಸೇರಿ ಕಾರ್ಯಕ್ರಮ ಕೊಡುತ್ತಿದ್ದೆವು. ಅವಳು ಹಾಡುವಳು, ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಅದರಲ್ಲೇ ವಾದ್ಯ ನುಡಿಸುವೆ. ವೈರು, ಸೆಟ್ಟಿಂಗು ಎಲ್ಲ ಅವಳ ಉಸ್ತುವಾರಿ. ತಾಳ ತಪ್ಪದಿರಲು ಬೇರೆ ಕಲಾವಿದರು ಕಿವಿಯಲ್ಲಿ ಟಕ್ ಟಕ್ ಸದ್ದು ಇಟ್ಟುಕೊಳ್ಳುತ್ತಾರೆ. ನಾನೋ, ಟಕ್ಕಿಗೂ ಮುಂಚೆ ಓಡುವ ಆಸಾಮಿ. ಅದಕ್ಕೇ ಅಕ್ಕ ತನ್ನ ದನಿಯಲ್ಲೇ ಎಣಿಕೆ ರೆಕಾರ್ಡ್ ಮಾಡಿಕೊಟ್ಟಿದ್ದಳು. “ಒಂದು, ಎರಡು, ಅವಸರ ಬೇಡ ಎಕ್ಸ್‌ಪ್ರೆಸ್ಸು, ಮೂರು, ನಾಲ್ಕು, ಈಗ ಬಾ.” ಎಕ್ಸ್‌ಪ್ರೆಸ್ಸು ಅಂದರೆ ನಾನೇ.

ಹೋದ ವರ್ಷ ಅಕ್ಕ ಕಾಯಿಲೆಯಿಂದ ತೀರಿಕೊಂಡಳು. ಹಾಡುಗಳ ರೆಕಾರ್ಡಿಂಗಿನಿಂದ ಅವಳ ದನಿಯನ್ನು ತೆಗೆದುಬಿಟ್ಟೆ. ಯಾರೋ ಅದನ್ನು ಕೇಳಿ ಅಯ್ಯೋ ಪಾಪ ಎನ್ನುವುದು ನನಗೆ ಬೇಡವಾಗಿತ್ತು. ಎಣಿಕೆಯನ್ನು ಮಾತ್ರ ಮುಟ್ಟಲಿಲ್ಲ. ಅದು ನನ್ನದು, ನನ್ನ ಕಿವಿಗೆ ಮಾತ್ರ. ಅವಳದೆಂದು ನನಗೆ ಉಳಿದದ್ದು ಅಷ್ಟೇ, ಅದನ್ನು ಯಾರ ಜೊತೆಗೂ ಹಂಚಿಕೊಳ್ಳಲು ನಾನು ತಯಾರಿರಲಿಲ್ಲ.

ಮನೆಯಲ್ಲಿ ಹೊಸ ಪೆಟ್ಟಿಗೆ ಸರಿಯಾಗಿಯೇ ನಡೆಯಿತು. ಪಕ್ಕದ ಮನೆಯ ನರ್ಸಿಗೆ ಹಗಲು ನಿದ್ದೆ, ನಡುವಿನ ಗೋಡೆ ರಟ್ಟಿನಷ್ಟು ತೆಳು. ಹಾಗಾಗಿ ಸ್ಪೀಕರ್ ಹಚ್ಚುವ ಮಾತೇ ಇಲ್ಲ, ಎಲ್ಲವೂ ಹೆಡ್‌ಫೋನಿನಲ್ಲೇ. ಸ್ಪೀಕರಿಗೆ ಏನು ಹೋಗುತ್ತದೆ ನೋಡು ಎಂದು ಹೇಳಲು ಕೋಣೆಯಲ್ಲಿ ಇನ್ನೊಂದು ಜೀವ ಇರಲಿಲ್ಲ. ಅಕ್ಕ ಎಣಿಸುವಳು, ನಾನು ನುಡಿಸುವೆ, ಕಿಟಕಿಯಾಚೆ ಕತ್ತಲಾಗುವುದು. ಕೊನೆಯಲ್ಲಿ, ರೆಕಾರ್ಡಿಂಗ್ ನಿಲ್ಲುವ ಮುಂಚೆ, ಅವಳದೊಂದು ಮಾತಿತ್ತು. ಅದು ಬರುವ ಮೊದಲೇ ಪ್ರತಿ ಸಲವೂ ನಿಲ್ಲಿಸಿಬಿಡುತ್ತಿದ್ದೆ. ಕೇಳುವ ಧೈರ್ಯ ನನಗಿರಲಿಲ್ಲ.

ಕಾರ್ಯಕ್ರಮ ಲೈಬ್ರರಿಯ ಕೆಳಗಿನ ಹಾಲಿನಲ್ಲಿ. ಮಡಚುವ ಕುರ್ಚಿಗಳು ಅರ್ಧ ತುಂಬಿದ್ದವು. ಮೊದಲೇ ಬಂದು ಒಂದು ತುಣುಕು ಸಂಗೀತ ಹಾಕಿ ಸ್ಪೀಕರ್ ನೋಡಿಕೊಂಡಿದ್ದೆ. ಎಣಿಕೆ ಹಾಕಿ ನೋಡಬೇಕೆಂದು ಹೊಳೆದಿರಲಿಲ್ಲ. ಹೆಡ್‌ಫೋನ್ ಏರಿಸಿ ಶುರು ಮಾಡಿದೆ.

“ಒಂದು, ಎರಡು...”

ಮುಂದಿನ ಸಾಲಿನವರು ತಟ್ಟನೆ ತಲೆ ಎತ್ತಿದರು. ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದೆ. ಸ್ಪೀಕರಿನಲ್ಲಿ ಅಕ್ಕ! ಜಾಕ್ ಬೇರೆ, ವಾಲ್ಯೂಮ್ ಬೇರೆ, ಆದರೆ ಒಳಗಿಂದ ಎರಡಕ್ಕೂ ಬರುವ ಸದ್ದು ಒಂದೇ ಎಂದು ಆಗ ತಲೆಗೆ ಹೋಯಿತು. ನನ್ನ ಕಿವಿಗೆ ಬೇರೆ ಬೇಕಿದ್ದರೆ ನಾಲ್ಕು ಔಟ್‌ಪುಟ್ಟಿನ ಆ ಇಟ್ಟಿಗೆಯನ್ನೇ ಹೊರಬೇಕಿತ್ತು. ಅವಳ ದನಿ ಅಡಗಿಸಲು ಕೀಲಿಯ ಮೇಲೆ ಬೆರಳಿಟ್ಟೆ.

“ಅವಸರ ಬೇಡ ಎಕ್ಸ್‌ಪ್ರೆಸ್ಸು.”

ಯಾರೋ ಕಿಸಕ್ಕನೆ ನಕ್ಕರು. ಹಿಂದೆಯೇ ಇನ್ನೂ ನಾಲ್ಕಾರು ಜನ ನಕ್ಕರು. ಅಯ್ಯೋ ಪಾಪ ಎನ್ನಲು ಅವರಿಗೇನು ಗೊತ್ತು? ಎಲ್ಲೋ ಮರೆಯಲ್ಲಿ ಯಾರೋ ಜೋರಿನ ಹೆಂಗಸು ಕೂತು ನನ್ನನ್ನು ಗದರುತ್ತಿದ್ದಾಳೆ ಎಂದುಕೊಂಡಿದ್ದರು. ಬದುಕಿರುವವಳ ಮಾತಿಗೆ ನಗುವ ಹಾಗೆ ನಕ್ಕರು. ನಾನು ಬೆರಳು ತೆಗೆದೆ.

ಆಮೇಲೆ ಅವಳು ಗದರಿದಾಗಲೆಲ್ಲ ಹಾಲ್ ನಕ್ಕಿತು. ಅವಳು ಹೋದ ಮೇಲೆ ಅವಳ ದನಿಯನ್ನು ನನ್ನ ಜೊತೆ ಬೇರೆಯವರೂ ಕೇಳಿದ್ದು ಅದೇ ಮೊದಲು. ಹೇಳಿದರೆ ನಾಚಿಕೆ, ನನಗೆ ಎಷ್ಟು ಹಾಯೆನಿಸಿತೆಂದರೆ ಕೊನೆಯಲ್ಲಿ ನಿಲ್ಲಿಸುವುದನ್ನೇ ಮರೆತೆ.

“ಆಯ್ತು ಕಣೋ, ಚೆನ್ನಾಗಿ ಬಂತು. ನನ್ನ ವೈರ್ ತೆಗೆದಿಡು, ನಾನು ಹೊರಟೆ.”

ಚಪ್ಪಲಿಯ ಸದ್ದು, ಬಾಗಿಲು ಎಳೆದುಕೊಂಡ ಸದ್ದು, ಎಲ್ಲವೂ ಸ್ಪೀಕರಿನಲ್ಲಿ ಬಂತು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಒಬ್ಬಾಕೆ ಚಪ್ಪಾಳೆ ತಟ್ಟುತ್ತಲೇ ಹಿಂದೆ ತಿರುಗಿ ಬಾಗಿಲಿನ ಕಡೆ ನೋಡಿದಳು.

ನಾನೂ ನೋಡಿದೆ.