ಬಿರುಕಿನ ಮೇಲೆ ಮೂರು ಕಾಗದ

ನಮ್ಮ ಗೋಡೆಯ ಬಿರುಕಿಗೆ ಮೂರು ಕಾಗದದ ಪಟ್ಟಿ ಅಂಟಿಸಿದ್ದು ನನ್ನ ಗಂಡ. ಅವರು ಗಾರೆ ಕೆಲಸದವರು. ಬಿರುಕಿಗೆ ಅಡ್ಡಲಾಗಿ ಕಾಗದವನ್ನು ಬಿಗಿಯಾಗಿ ಅಂಟಿಸಿ ಮೇಲೆ ತಾರೀಖು ಬರೆದಿಟ್ಟರೆ ಸಾಕು, ಗೋಡೆ ಕೂದಲೆಳೆಯಷ್ಟು ಜರುಗಿದರೂ ಕಾಗದ ಹರಿಯುತ್ತದೆ. ನಮ್ಮ ಬಾಯಿಮಾತಿಗೆ ಪುರಸಭೆಯ ಸಾಹೇಬರು ಕಿವಿಗೊಡದಿರಬಹುದು, ಹರಿದ ಕಾಗದಕ್ಕೆ ಏನು ಹೇಳುತ್ತಾರೆ ಎಂದರು. ಹನ್ನೊಂದು ದಿನದಲ್ಲಿ ಮೂರೂ ಹರಿದವು.

ಪುರಸಭೆಯ ಆ ಕಟ್ಟಡದಲ್ಲಿ ಹದಿನಾಲ್ಕು ಬಾಡಿಗೆ ಮನೆ. ನಮ್ಮದು ಎರಡನೇ ಮಹಡಿಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡ ಒಂದೂವರೆ ಕೋಣೆ. ಅರ್ಧ ಕೋಣೆ ನನ್ನ ಹೊಲಿಗೆ ಮಷಿನ್ನಿಗೆ, ಉಳಿದದ್ದು ಗಂಡ, ಆರು ವರ್ಷದ ಮಗಳು, ಅತ್ತೆ, ನಾನು ಇಷ್ಟು ಜನಕ್ಕೆ. ಮಷಿನ್ ನಿಲ್ಲಿಸಿದಾಗೆಲ್ಲ ಗೋಡೆಯೊಳಗೆ ಮರಳು ಸುರಿಯುವ ಸದ್ದು ಕೇಳುತ್ತಿತ್ತು. ಅದಕ್ಕೇ ನಾನು ನಿಲ್ಲಿಸುತ್ತಲೇ ಇರಲಿಲ್ಲ. ಆ ತಿಂಗಳು ಹೆದರಿಕೆಯಲ್ಲಿ ಹೊಲಿದಷ್ಟು ಬಟ್ಟೆ ನಾನು ಜನ್ಮದಲ್ಲಿ ಹೊಲಿದಿಲ್ಲ.

ಹದಿನಾಲ್ಕು ಮನೆಯವರೂ ಸಹಿ ಹಾಕಿ ಅರ್ಜಿ ಕೊಟ್ಟೆವು. ಕೇಳಿದ್ದು ಹೆಚ್ಚೇನಲ್ಲ. ಕಟ್ಟಡ ಅಪಾಯದಲ್ಲಿದೆ ಎಂದು ಬರೆದುಕೊಡಿ, ರಿಪೇರಿ ಆಗುವ ತನಕ ಬೇರೆ ಕಡೆ ಮನೆ ಕೊಡಿ. ಹಾಗೆ ಬರೆದುಕೊಟ್ಟರೆ ಮನೆ ಕೊಡಲೇಬೇಕೆಂಬುದು ನಿಯಮ. ಪುರಸಭೆಯ ಇಂಜಿನಿಯರ್‌ಗೆ ನಾವಿಟ್ಟ ಹೆಸರು ನೋಡೋಣ ಸಾಹೇಬರು. ನಲ್ಲಿಯಲ್ಲಿ ನೀರಿಲ್ಲ ಎಂದರೆ ನೋಡೋಣ, ಕರೆಂಟಿನ ವೈರು ಸುಟ್ಟಿತು ಎಂದರೆ ನೋಡೋಣ. ಕೊನೆಗೂ ಗುರುವಾರ ಬೆಳಿಗ್ಗೆ ನೋಡಲು ಬರುತ್ತೇನೆಂದರು.

ಗುರುವಾರ ನಾನು ಶಾಲೆಯೊಂದಕ್ಕೆ ಹೊಲಿದ ಸಮವಸ್ತ್ರಗಳನ್ನು ಕೊಟ್ಟು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಷ್ಟರಲ್ಲಿ ಸಾಹೇಬರು ಆಗಲೇ ಬಿರುಕಿನ ಮುಂದೆ ನಿಂತಿದ್ದರು.

"ಏನಮ್ಮಾ, ಹನ್ನೊಂದು ದಿನದ ಹಿಂದಿನ ತಾರೀಖಿದೆ ಇಲ್ಲಿ. ಒಂದಾದ್ರೂ ಹರಿದಿದ್ಯಾ ನೀವೇ ಹೇಳಿ."

ಗೋಡೆ ನೋಡಿದೆ. ಮೂರೂ ಕಾಗದ ಬೆಳ್ಳಗೆ, ನೆಟ್ಟಗೆ, ಇಡಿಯಾಗಿ ಕೂತಿದ್ದವು. ಬಾಗಿಲಲ್ಲಿ ಅತ್ತೆ ಕೈಗಂಟಿದ ಗೋಂದು ಒರೆಸಿಕೊಳ್ಳುತ್ತಿದ್ದರು.

"ಅತ್ತೇ, ಇಲ್ಲಿದ್ದ ಹರಿದ ಪೇಪರ್ ಎಲ್ಲಿ?"

"ದೊಡ್ಡೋರು ಬರ್ತಾರೆ ಅಂದಾಗ ಹರಿದಿದ್ದನ್ನ ಹಾಗೇ ಬಿಡಕ್ಕಾಗುತ್ತಾ? ಕೆರೆದು ಹೊಸದು ಅಂಟಿಸ್ದೆ. ತಾರೀಖೂ ನೋಡ್ಕೊಂಡು ಇದ್ದ ಹಾಗೇ ಬರೆದೆ. ಒಂದಂಕಿ ತಪ್ಪಿಲ್ಲ."

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರು ಅವರು. ದೊಡ್ಡ ಡಾಕ್ಟರ್ ವಾರ್ಡಿಗೆ ಬರುವ ಮುಂಚೆ ನೆಲ ಒರೆಸಿ, ಮಂಚಕ್ಕಂಟಿಸಿದ ಹರಕು ಚೀಟಿಗಳನ್ನು ತೆಗೆದು, ಇದ್ದದ್ದನ್ನು ಇದ್ದ ಹಾಗೆ ಹೊಸ ಚೀಟಿಗೆ ಇಳಿಸಿ ಅಂಟಿಸಬೇಕಿತ್ತು. ಆ ಕೈ ಇನ್ನೂ ಹಾಗೇ ಇದೆ.

"ಸಾರ್, ಕೇಳಿದ್ರಲ್ಲ! ಮೂರೂ ಹರಿದಿತ್ತು ಸಾರ್."

"ಕೇಳ್ದೆ. ಅಂಟಿಸೋರೂ ನೀವೇ, ಕೀಳೋರೂ ನೀವೇ. ನಾನು ಯಾವುದನ್ನ ಅಂತ ನಂಬ್ಲಿ?"

ಸಿಟ್ಟಿನಲ್ಲೇನೂ ಅನ್ನಲಿಲ್ಲ ಪುಣ್ಯಾತ್ಮ. ಕಂಡದ್ದನ್ನು ಬರೆದುಕೊಂಡರು: ಗೋಡೆ ಜರುಗಿಲ್ಲ, ವಾಸಕ್ಕೆ ಯೋಗ್ಯ. ಭಯ ಇದ್ದವರು ಖಾಲಿ ಮಾಡಬಹುದು, ಆದರೆ ಖಾಲಿಯಾದ ಮನೆಗೆ ಪುರಸಭೆ ಬೀಗ ಹಾಕುತ್ತದೆ, ಬದಲಿ ಮನೆಯ ಹಕ್ಕೂ ಹೋಗುತ್ತದೆ ಎಂದರು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದು ಇಳಿದುಹೋದರು.

ಅವತ್ತು ಅತ್ತೆಯ ಮೇಲೆ ಬಾಯಿಗೆ ಬಂದಂತೆ ಎಗರಾಡಿದೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರು ನನಗೆ ಎದುರುತ್ತರ ಕೊಡದ ದಿನ ಅದೊಂದೇ.

ಶನಿವಾರ ಹೊಸ ಕಾಗದಗಳೂ ಹರಿದವು. ಗಂಡ ಫೋಟೋ ಹಿಡಿದು ಪುರಸಭೆಗೆ ಓಡಿದರು. ವರದಿ ಮೇಲಕ್ಕೆ ಹೋಗಿಯಾಗಿದೆ, ಮೂರು ತಿಂಗಳಾಗಲಿ ಎಂದು ಅಲ್ಲಿಯವರು ಸಾಗಹಾಕಿದರು. ಭಾನುವಾರ ನಮ್ಮ ಬಾಗಿಲು ಚೌಕಟ್ಟಿಗೆ ಕೂರದೆ ಹೋಯಿತು. ಗಂಡ ಚೌಕಟ್ಟನ್ನು ಕೈಯಲ್ಲಿ ತಡವಿ ನೋಡಿದವರೇ ಮಗಳನ್ನು ಎತ್ತಿಕೊಂಡು ಕೆಳಗಿಳಿದುಬಿಟ್ಟರು. ಗಾರೆಯವನೇ ಇಳಿದ ಮೇಲೆ ಇನ್ನೇನು, ಎಲ್ಲ ಮನೆಯ ಮಕ್ಕಳೂ ರಸ್ತೆಗೆ ಬಂದರು.

ಆದರೆ ಬೀಗದ ಭಯ ಬಿಡಬೇಕಲ್ಲ. ಮನೆಗೊಬ್ಬರು ಒಳಗೆ ಉಳಿಯುವುದು ಎಂದಾಯಿತು. ಯಾರು ಉಳಿಯಬೇಕೆಂದು ಯಾರೂ ಬಾಯಿಬಿಡಲಿಲ್ಲ. ಹದಿನಾಲ್ಕು ಮನೆಯಲ್ಲೂ ಉಳಿದವರು ವಯಸ್ಸಾದವರೇ.

"ನಾನು ಮಾಡಿದ್ದು, ನಾನೇ ಕೂತ್ಕೋತೀನಿ. ನೀನು ಇಳಿ, ಮಗು ಅಳ್ತಿದೆ," ಎಂದರು ಅತ್ತೆ. ನಾಚಿಕೆಗೆಟ್ಟು ನಾನೂ ಇಳಿದೆ.

ಸೋಮವಾರ ಮಧ್ಯಾಹ್ನ ಅವರಿಗೆ ಊಟ ಒಯ್ದೆ. ಬಿರುಕಿನೊಳಗೆ ನನ್ನ ಹೆಬ್ಬೆರಳು ಪೂರ್ತಿ ಹೋಗುತ್ತಿತ್ತು. ಅತ್ತೆ ಅದರ ಪಕ್ಕದಲ್ಲೇ ಕೂತು ನನ್ನ ಮಷಿನ್ನಿನ ಮೇಲೆ ಉದುರಿದ ಗಾರೆ ಪುಡಿಯನ್ನು ಒರೆಸುತ್ತಿದ್ದರು. ಒರೆಸಿದಲ್ಲೇ ಮತ್ತೆ ಉದುರುತ್ತಿತ್ತು.

"ಏಳಿ ಅತ್ತೆ."

"ಮನೆ ಹೋಗುತ್ತೆ ಕಣೇ."

"ಹೋಗ್ಲಿ. ನೀವೇ ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

ರಟ್ಟೆ ಹಿಡಿದು ದರದರ ಎಳೆದುಕೊಂಡು ಹೊರಟೆ. ಮೆಟ್ಟಿಲಿಳಿಯುತ್ತ ಪ್ರತಿ ಬಾಗಿಲಿಗೂ ಗುದ್ದಿದೆ. "ಇಳೀರಿ! ಗೋಡೆ ಬೀಳ್ತಿದೆ, ಎಲ್ಲಾರೂ ಇಳೀರಿ!" ಬೀಳುತ್ತಿದೆ ಎಂದೇ ನಾನು ನಂಬಿದ್ದೆ. ಗಾರೆಯವನ ಹೆಂಡತಿ ಕೂಗುತ್ತಿದ್ದಾಳೆ ಎಂದು ಅವರೂ ನಂಬಿದರು. ಎರಡು ನಿಮಿಷದಲ್ಲಿ ಹದಿನಾಲ್ಕು ಮನೆಯೂ ಖಾಲಿ. ರಸ್ತೆಯ ಆಚೆ ಉಸಿರು ಬಿಗಿಹಿಡಿದು ನಿಂತೆವು. ಏನೂ ಆಗಲಿಲ್ಲ. ಸುದ್ದಿ ತಿಳಿದು ಮೂರು ಗಂಟೆಗೆ ಪುರಸಭೆಯವರು ಬಂದು ನೀರು, ಕರೆಂಟು ಕಿತ್ತು, ಹದಿನಾಲ್ಕು ಬೀಗ ಜಡಿದುಹೋದರು.

ಅದಾಗಿ ನಲವತ್ತು ದಿನ. ಹಳೇ ಗೋದಾಮೊಂದರಲ್ಲಿ ಬಟ್ಟೆಯ ಪರದೆ ಕಟ್ಟಿಕೊಂಡು ಎಲ್ಲರೂ ಇದ್ದೇವೆ. ನನ್ನನ್ನು ಯಾರೂ ಬೈದಿಲ್ಲ. ನೀರಿಗೆ ನಿಂತವರ ಹತ್ತಿರ ನಾನು ಹೋದಾಗ ಮಾತು ಮಾತ್ರ ನಿಲ್ಲುತ್ತದೆ.

ದಿನಾ ಬೆಳಿಗ್ಗೆ ಬಟ್ಟೆ ಕೊಡುವ ನೆಪ ಮಾಡಿಕೊಂಡು ಆ ರಸ್ತೆಗೆ ಹೋಗುತ್ತೇನೆ. ತಿರುವಿನಲ್ಲಿ ತಲೆಯೆತ್ತಿ ನೋಡುತ್ತೇನೆ. ಕಟ್ಟಡ ನಿಂತೇ ಇರುತ್ತದೆ. ಒಳಗೆ ಯಾರೂ ಇಲ್ಲವಲ್ಲ, ಇವತ್ತಾದರೂ ಬೀಳಬಾರದೇ ಎಂದು ಗೋಡೆಯನ್ನು ಬೇಡಿಕೊಂಡು ವಾಪಸು ಬರುತ್ತೇನೆ.