ಮಾಸಿನ ಬಕೆಟ್

ಎಲ್ಲದಕ್ಕೂ ಮೂಗು ಮುರಿಯುತ್ತಾಳೆಂದು ಲ್ಯಾಬಿನವರು ಅವಳಿಗೆ ನಾಜೂಕಮ್ಮ ಎಂದು ಹೆಸರಿಟ್ಟಿದ್ದರು. ಹೆಸರಿಗೆ ಮೋಸ ಮಾಡುವ ಹೆಣ್ಣಲ್ಲ ಅವಳು. ಇನ್ನೊಬ್ಬರ ಲೋಟ ಮುಟ್ಟುವವಳಲ್ಲ, ಸಿಂಕಿನಲ್ಲಿ ಯಾರದೋ ಕೂದಲು ಕಂಡರೆ ಅವತ್ತಿನ ಊಟ ಅವಳಿಗೆ ಅಲ್ಲಿಗೇ ಮುಗಿಯಿತು. ಇಂಥವಳು ಹೋಗಿ ಹೋಗಿ ಸೇರಿಕೊಂಡದ್ದು ವಿಶ್ವವಿದ್ಯಾಲಯದ ಮಾಸಿನ ಲ್ಯಾಬಿಗೆ.

ಮಾಸು ಎಂದರೆ ಮಗು ಹುಟ್ಟಿದ ಮೇಲೆ ಅದರ ಹಿಂದೆಯೇ ಹೊರಬೀಳುವುದು. ತಾಯಿಯ ಹೊಟ್ಟೆಯಲ್ಲಿ ಮಗುವಿಗೆ ಉಣಿಸಿ, ಉಸಿರಾಡಿಸಿ, ಕೊನೆಗೆ ಯಾರಿಗೂ ಬೇಡವಾಗುವ ಅಂಗ. ಪಕ್ಕದ ಹೆರಿಗೆ ಆಸ್ಪತ್ರೆಯಿಂದ, ತಾಯಂದಿರ ಒಪ್ಪಿಗೆ ಪಡೆದು, ಅದನ್ನು ಬಿಳಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿ, ಮುಚ್ಚಳ ಬಿಗಿದು ಕಳಿಸುತ್ತಿದ್ದರು. ನಾಜೂಕಮ್ಮ ಎರಡೆರಡು ಗ್ಲೌಸು ತೊಟ್ಟು, ಮೂಗಿನ ಕೆಳಗೆ ನೋವಿನ ಮುಲಾಮು ಬಳಿದುಕೊಂಡು, ಉಪ್ಪುನೀರಿನಲ್ಲಿ ರಕ್ತ ತೊಳೆದು, ಉಗುರಿನಷ್ಟು ತುಂಡುಗಳನ್ನು ಕತ್ತರಿಸಿ ಫಾರ್ಮಲಿನ್‌ಗೆ ಹಾಕುತ್ತಿದ್ದಳು. ಫಾರ್ಮಲಿನ್ ಬಿದ್ದ ಮೇಲೆ ಮಾಂಸ ಇದ್ದ ಹಾಗೆಯೇ ನಿಂತುಬಿಡುತ್ತದೆ, ಮುಂದೆ ಕೆಡುವುದಿಲ್ಲ. ಆಮೇಲೆ ಮೇಣ, ತೆಳು ಸೀಳು, ಬಣ್ಣ, ಕತ್ತಲೆ ಕೋಣೆ. ಮೈಕ್ರೋಸ್ಕೋಪಿನಲ್ಲಿ ಸಾಯುತ್ತಿರುವ ಜೀವಕೋಶಗಳು ಹಸಿರಾಗಿ ಹೊಳೆಯುತ್ತವೆ. ಆ ಹಸಿರು ಚುಕ್ಕೆಗಳನ್ನು ಎಣಿಸುವುದೇ ಅವಳ ಓದು, ಅವಳ ಡಾಕ್ಟರೇಟು, ಅವಳ ಹೊಟ್ಟೆಪಾಡು.

ಪಕ್ಕದ ಮೇಜಿನವನು ತಿಂಡಿಪೋತ. ಇದೂ ಇಟ್ಟ ಹೆಸರೇ. ಮೈಕ್ರೋಸ್ಕೋಪಿನ ಮೇಲೆ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡು, ಮಾಸು ಕುಯ್ದ ಕೈಯನ್ನು ಪ್ಯಾಂಟಿಗೆ ಒರೆಸಿ ತಿನ್ನುವ ಪುಣ್ಯಾತ್ಮ. "ನೀನು ತಿನ್ನೋದು ನೋಡಿದ್ರೆ ನನಗೆ ಮಾಸೇ ಎಷ್ಟೋ ವಾಸಿ ಅನ್ಸುತ್ತೆ" ಎಂದು ಅವಳು ಮುಖ ತಿರುಗಿಸುತ್ತಿದ್ದಳು. ಅವನು ಇನ್ನೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಲ್ಯಾಬಿನ ಪ್ರೊಫೆಸರು ಮೂರು ಬಗೆಯ ತಾಯಂದಿರ ಮಾಸು ತರಿಸುತ್ತಿದ್ದರು. ಗಟ್ಟಿಮುಟ್ಟಾದವರದು ಒಂದು ಬಗೆ. ಮೈಯೇ ತನ್ನನ್ನು ಶತ್ರುವೆಂದು ತಿಳಿದು ಕಚ್ಚಿಕೊಳ್ಳುವ ಕಾಯಿಲೆಯಿದ್ದೂ, ಅದು ಹದದಲ್ಲಿರುವುದರಿಂದ ಔಷಧಿ ಬೇಡವಾದವರದು ಇನ್ನೊಂದು. ಅದೇ ಕಾಯಿಲೆಗೆ ದಿನಾ ಒಂದು ಹಳದಿ ಮಾತ್ರೆ ನುಂಗುವವರದು ಮೂರನೆಯದು. ಮೊದಲೆರಡು ಬಗೆಯಲ್ಲಿ ಹಸಿರು ಚುಕ್ಕೆ ಅಲ್ಲೊಂದು ಇಲ್ಲೊಂದು. ಮಾತ್ರೆಯವರ ಮಾಸಿನಲ್ಲಿ ಹಸಿರೋ ಹಸಿರು. ಸಾಲದ್ದಕ್ಕೆ ಆ ಬಕೆಟ್ಟುಗಳ ಮುಚ್ಚಳ ತೆಗೆದರೆ ಬೇರೆಯದೇ ನಾತ, ಸಿಹಿಯಾಗಿ ಗಂಟಲಿಗೆ ಅಂಟಿಕೊಳ್ಳುವಂಥದ್ದು. ಲ್ಯಾಬಿನಲ್ಲಿ ಅದಕ್ಕೆ 'ಮಾತ್ರೆ ವಾಸನೆ' ಎಂದೇ ಹೆಸರು. "ನೋಡಿದ್ರಾ, ಮೂಗಿಗೂ ಗೊತ್ತಾಗುತ್ತೆ" ಎಂದು ಪ್ರೊಫೆಸರು ಬೀಗುತ್ತಿದ್ದರು. ಮಾತ್ರೆ ಮಾಸಿನ ಜೀವಕೋಶಗಳನ್ನು ಕೊಲ್ಲುತ್ತಿದೆ ಎಂದು ಬರೆದ ಪ್ರಬಂಧವನ್ನು ಹೆಸರಾಂತ ಪತ್ರಿಕೆಯೊಂದು ಒಪ್ಪಿಕೊಂಡೂ ಆಗಿತ್ತು. ಅದರಲ್ಲಿ ನಾಜೂಕಮ್ಮನ ಹೆಸರು ಮೊದಲನೆಯದು.

ಪ್ರಬಂಧ ಅಚ್ಚಾಗುವ ಮೊದಲೇ ಸುದ್ದಿ ಆಸ್ಪತ್ರೆ ಮುಟ್ಟಿತ್ತು. ಅಲ್ಲಿನ ಹೆರಿಗೆ ಡಾಕ್ಟರಮ್ಮ ಮುನ್ನೆಚ್ಚರಿಕೆಯೆಂದು ತಮ್ಮ ಬಸುರಿಯರಿಗೆಲ್ಲ ಹಳದಿ ಮಾತ್ರೆ ನಿಲ್ಲಿಸಿಬಿಟ್ಟರು. ಆ ಬಸುರಿಯರಲ್ಲಿ ನಾಜೂಕಮ್ಮನ ತಂಗಿಯೂ ಒಬ್ಬಳು.

ತಂಗಿಗೆ ಆ ಕಾಯಿಲೆ ಹರೆಯದಲ್ಲೇ ಅಂಟಿಕೊಂಡಿತ್ತು. ಹಿಂದೊಮ್ಮೆ ಬಸಿರು ಆಸೆ ಹುಟ್ಟಿಸಿ ಕೈಕೊಟ್ಟಿತ್ತು. ಈ ಸಲ ಎಲ್ಲ ಸರಿಯಾಗಿ ನಡೆಯುತ್ತಿದೆ ಅನ್ನುವಾಗ ಮಾತ್ರೆ ನಿಂತಿತು. ಭಾನುವಾರ ನಾಜೂಕಮ್ಮ ಅವಳ ಮನೆಗೆ ಹೋದಾಗ ತಂಗಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಬೆರಳುಗಳು ಊದಿ ಬಾಳೆಹಣ್ಣಿನ ಹಾಗಾಗಿದ್ದವು. ಕೆನ್ನೆಗಳ ಮೇಲೆ ಕೆಂಪು ಏರಿತ್ತು.

"ಉಂಗುರ ಬಿಚ್ಚೋಕೆ ಸೋಪು ಹಚ್ಚಬೇಕಾಯ್ತು ಕಣೆ" ಎಂದಳು ತಂಗಿ ನಗುತ್ತಾ. "ಬಾಟ್ಲಿ ಮುಚ್ಚಳ ತೆಗೆಯೋಕೂ ಗಂಡ ಬೇಕು ಈಗ. ಪಾಪ, ಏನೋ ಒಂದು ಕೆಲಸಕ್ಕೆ ಬಂದ."

"ಸ್ಕ್ಯಾನಿಂಗಲ್ಲಿ ಏನಂದ್ರು?"

ತಂಗಿಯ ನಗು ಇಳಿಯಿತು. "ಮಗು ಸ್ವಲ್ಪ ಚಿಕ್ಕದಿದೆಯಂತೆ. ಬೆಳೀಬೇಕಾದಷ್ಟು ಬೆಳೀತಿಲ್ವಂತೆ. ಏನು ಮಾಡೋದು, ನೋವು ತಡ್ಕೋಬಹುದು ಬಿಡು. ಆ ಮಾತ್ರೆ ಮಗೂನ ತಿನ್ನುತ್ತೆ ಅಂತ ನೀವೇ ಕಂಡುಹಿಡಿದಿದೀರಲ್ಲ. ನೀನು ಇದೀಯ ಅಂತ ನನಗೆ ಧೈರ್ಯ."

ನಾಜೂಕಮ್ಮ ತಂಗಿಯ ಊದಿದ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕೂತಳು. ತನ್ನ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆಯೇ ಇತ್ತು. ಇರಬಾರದಿತ್ತು, ಆದರೆ ಇತ್ತು.

ಮರುದಿನ ಆಸ್ಪತ್ರೆಯಿಂದ ಬಕೆಟ್ ತರುವ ಅಟೆಂಡರ್ ರಜಾ ಹಾಕಿದ್ದ. ಮಾತ್ರೆ ತಾಯಿಯೊಬ್ಬಳ ಮಾಸು ಬಂದಿಲ್ಲವೆಂದು ಪ್ರೊಫೆಸರು ಚಡಪಡಿಸುತ್ತಿದ್ದರು. ಡಾಕ್ಟರಮ್ಮ ಮಾತ್ರೆ ನಿಲ್ಲಿಸುವ ಮುಂಚೆಯೇ ದಿನ ತುಂಬುತ್ತಾ ಬಂದಿದ್ದ ಕೊನೆಯ ಕೆಲವರಲ್ಲಿ ಒಬ್ಬಳು ಅವಳು. ತರುವುದಕ್ಕೆ ತಿಂಡಿಪೋತ ಹೋಗಲಾರ, ಅವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಹಲ್ಲು ಕಚ್ಚಿಕೊಂಡು ನಾಜೂಕಮ್ಮನೇ ಹೊರಟಳು. ಹೆರಿಗೆ ಕೋಣೆಯ ನರ್ಸು ತಲೆಯಾಡಿಸಿದಳು. "ಇಲ್ಲೆಲ್ಲಿ ಹುಡುಕ್ತೀರಿ? ದಿನಾ ಔಷಧಿ ತಗೊಳ್ಳೋರದು ಮೊದಲು ರೋಗ ಪರೀಕ್ಷೆ ವಿಭಾಗಕ್ಕೆ ಹೋಗುತ್ತೆ. ಅಲ್ಲಿನ ಡಾಕ್ಟರು ನೋಡಿ ಬಿಟ್ಟ ಮೇಲೇ ನಿಮಗೆ."

"ಮಿಕ್ಕವರದು?"

"ಅದಕ್ಕೇನು, ಹೆರಿಗೆ ಆದ ಕೂಡಲೇ ನಿಮ್ಮ ಕಡೆಗೆ ಕಳಿಸಿಬಿಡ್ತೀವಿ."

ರೋಗ ಪರೀಕ್ಷೆ ವಿಭಾಗದ ಹಿಂದಿನ ಕೋಣೆಯ ಬಾಗಿಲು ತೆಗೆದ ಕೂಡಲೇ ಅವಳು ಮೂಗು ಹಿಡಿದುಕೊಂಡಳು. ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ರಾಚುವ ಕಡೆ, ಬಿಳಿ ಬಕೆಟ್ಟುಗಳು ಸಾಲಾಗಿ ಕೂತಿದ್ದವು. ಕೆಳಗೆ ಬಿಸಿನೀರಿನ ಕೊಳವೆ. ಡಾಕ್ಟರರ ಕುರ್ಚಿ ಖಾಲಿ, ಕುರ್ಚಿಯ ಬೆನ್ನಿಗೆ ಕೋಟು. ಅವರು ಬಂದಾಗ ಬಂದರು. ಅಲ್ಲಿಯವರೆಗೆ ಬಕೆಟ್ಟುಗಳಿಗೆ ಬಿಸಿಲೇ ಗತಿ. ಯಾವುದರಲ್ಲೂ ಫಾರ್ಮಲಿನ್ ಇರಲಿಲ್ಲ. ಒಂದರ ಮುಚ್ಚಳದ ಅಂಚಿನಲ್ಲಿ ನೊಣವೊಂದು ನಿಧಾನವಾಗಿ ಸುತ್ತು ಹಾಕುತ್ತಿತ್ತು. ನಾಜೂಕಮ್ಮ ಆ ಮುಚ್ಚಳವನ್ನು ಸ್ವಲ್ಪವೇ ಎತ್ತಿದಳು.

ಮಾತ್ರೆ ವಾಸನೆ.

ಇಷ್ಟು ಕಾಲ ಲ್ಯಾಬಿನ ಒಬ್ಬರೇ ಒಬ್ಬರೂ ಈ ಕೋಣೆಗೆ ಕಾಲಿಟ್ಟಿರಲಿಲ್ಲ. ಬಕೆಟ್ ತರುವುದು ಅಟೆಂಡರನ ಕೆಲಸ, ರಕ್ತ ಜಿನುಗುವ ಬಕೆಟ್ಟು ಹೊತ್ತು ಓಡಾಡುವುದು ಓದಿದವರ ಘನತೆಗೆ ಕಡಿಮೆ. ಅದು ಎಲ್ಲಿಂದ ಬಂತು, ಎಷ್ಟು ಹೊತ್ತು ಎಲ್ಲಿ ಕೂತಿತ್ತು ಎಂದು ಕೇಳುವುದೂ ಹೇಸಿಗೆ. ಹೇಸಿಗೆಪಟ್ಟುಕೊಳ್ಳುವುದರಲ್ಲಿ ಎಲ್ಲರಿಗಿಂತ ಮುಂದಿದ್ದವಳು ತಾನೇ. ಅವಳು ಎಣಿಸಿದ ಹಸಿರು ಚುಕ್ಕೆಗಳು ಮಾತ್ರೆಯಿಂದ ಸತ್ತ ಜೀವಕೋಶಗಳಾಗಿರಲಿಲ್ಲ. ಕಿಟಕಿಯಲ್ಲಿ ಕೊಳೆತವು. ಅಷ್ಟೇ.

ಗುಮಾನಿ ಸಾಲದು, ಪರೀಕ್ಷೆ ಬೇಕು. ಗಟ್ಟಿಮುಟ್ಟಾದ ತಾಯಿಯೊಬ್ಬಳ ಮಾಸು ಬಂದ ಕೂಡಲೇ ಅವಳು ಅದನ್ನು ಎರಡು ಪಾಲು ಮಾಡಿದಳು. ಒಂದು ಪಾಲು ಆ ಕ್ಷಣವೇ ಫಾರ್ಮಲಿನ್‌ಗೆ ಬಿತ್ತು. ಇನ್ನೊಂದನ್ನು ಬಕೆಟ್ಟಿಗೆ ಹಾಕಿ ಅದೇ ಕಿಟಕಿಯ ಕಟ್ಟೆಯಲ್ಲಿಟ್ಟು, ಮರುದಿನ ಡಾಕ್ಟರರು ಮಿಕ್ಕವನ್ನು ನೋಡಿ ಬಿಟ್ಟ ಮೇಲೆ ತಂದಳು. ಸೀಳಿ, ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಕಣ್ಣಿಟ್ಟಳು. ಮೊದಲ ಪಾಲು ಶುಭ್ರ. ಎರಡನೆಯದರಲ್ಲಿ ಹಸಿರೋ ಹಸಿರು. ಮತ್ತೊಬ್ಬಳದನ್ನು ತಂದು ಇನ್ನೊಮ್ಮೆ ಮಾಡಿದಳು. ಅದೂ ಹಾಗೆಯೇ.

ಪ್ರೊಫೆಸರ ಕೋಣೆಯಲ್ಲಿ ಚಿತ್ರಗಳನ್ನು ಮೇಜಿನ ಮೇಲೆ ಹರಡಿ ಅವಳು ಎಲ್ಲವನ್ನೂ ಹೇಳಿದಳು. ಅವರು ಟೀ ಕುಡಿಯುತ್ತಿದ್ದರು. ಚಿತ್ರ ನೋಡುತ್ತಿದ್ದಂತೆ ಅವರ ಕೈಲಿದ್ದ ಕಪ್ ಗಾಳಿಯಲ್ಲೇ ನಿಂತಿತು. ಅವರಿಗೆ ಅರ್ಥವಾಗಿದೆ ಎಂದು ಅವಳಿಗೆ ಅರ್ಥವಾಯಿತು. ಆಮೇಲೆ ಅವರು ಕಪ್ಪನ್ನು ತುಟಿಗೆ ತಂದು ಸೊರ್ರೆಂದು ಹೀರಿದರು.

"ಏನಮ್ಮಾ ಇದು, ಕೊಳೆತ ಮಾಂಸದ ಫೋಟೋ ತಂದು ನನ್ನ ಮೇಜಿನ ಮೇಲೆ ಹಾಕ್ತೀಯಲ್ಲ."

"ಸರ್, ನಾವು ಅಚ್ಚಿಗೆ ಕಳಿಸಿರೋದೂ ಇದೇ."

"ಆ ಪ್ರಬಂಧ ಒಪ್ಪಿಗೆಯಾಗಿದೆ. ನಿನ್ನ ಹೆಸರೇ ಮೊದಲಿದೆ, ಮರೀಬೇಡ." ಧ್ವನಿ ತಗ್ಗಿಸಿ ಬೆಣ್ಣೆ ಹಚ್ಚುವ ದನಿಯಲ್ಲಿ ಮುಂದುವರಿಸಿದರು. "ನೋಡು, ಮಾತ್ರೆ ನಿಲ್ಲಿಸಿದ್ರೆ ಯಾರಿಗೇನು ನಷ್ಟ? ಮುನ್ನೆಚ್ಚರಿಕೆ ತಾನೇ? ಮುಂದಿನ ವಾರ ಆಸ್ಪತ್ರೆಯವರ ಮುಂದೆ ಭಾಷಣ ಇದೆ. ಅದಾದ ಮೇಲೆ ಬೇರೆ ಆಸ್ಪತ್ರೆಗಳೂ ಮಾತ್ರೆ ನಿಲ್ಲಿಸ್ತವೆ. ಹೆಸರು ಬರುತ್ತೆ. ಆಮೇಲೆ ನಿಧಾನಕ್ಕೆ ನೋಡೋಣ."

ಅವರ ಮೀಸೆಯ ಮೇಲೆ ಟೀಯ ಕೆನೆ ಅಂಟಿತ್ತು. ನಾಜೂಕಮ್ಮ ಅದನ್ನೇ ನೋಡುತ್ತಾ ನಿಂತಳು. ಮಾಸು ಕೊಳೆತರೆ ಅದರ ತಪ್ಪಿಲ್ಲ, ಬಿಸಿಲಿಗಿಟ್ಟರೆ ಅದು ಪಾಪ ಇನ್ನೇನು ಮಾಡೀತು. ಈ ಮನುಷ್ಯ ನೆರಳಿನಲ್ಲಿ, ಫ್ಯಾನಿನ ಕೆಳಗೆ, ಟೀ ಕುಡಿಯುತ್ತಾ ಕೊಳೆಯುತ್ತಿದ್ದಾನೆ ಎನ್ನಿಸಿ ಅವಳಿಗೆ ನಿಜವಾದ ವಾಕರಿಕೆ ಬಂತು. ಹೊರಗೆ ಬಂದು ಸಿಂಕಿನಲ್ಲಿ ಬಾಯಿ ತೊಳೆದುಕೊಂಡಳು. ಅಲ್ಲಿ ಕೂದಲಿತ್ತೋ ಇಲ್ಲವೋ, ಅವಳು ನೋಡಲಿಲ್ಲ.

ತಿಂಡಿಪೋತನಿಗೆ ಹೇಳಿದಳು. ಅವನು ಅಗಿಯುವುದನ್ನು ನಿಲ್ಲಿಸಿ ಕೇಳಿದ, ಮತ್ತೆ ಅಗಿದ. "ಸುಮ್ನಿರೇ ಮಾರಾಯ್ತಿ. ಡಿಗ್ರಿ ಕೈಗೆ ಬರೋವರೆಗೆ ಬಾಯಿ ಮುಚ್ಚಿಕೊಂಡಿರು. ಡಾಕ್ಟರಮ್ಮಂಗೆ ಬೇಕಾದ್ರೆ ಆಮೇಲೆ ಹೇಳು."

ಅವಳು ಆಗಲೇ ಡಾಕ್ಟರಮ್ಮನ ಬಾಗಿಲಿಗೆ ಹೋಗಿ ಬಂದಿದ್ದಳು. ಪ್ರೊಫೆಸರು ಅವಳಿಗಿಂತ ಮುಂಚೆಯೇ ಫೋನು ಮಾಡಿ, ತಮ್ಮ ವಿದ್ಯಾರ್ಥಿನಿಗೆ ತಂಗಿಯ ಚಿಂತೆಯಲ್ಲಿ ತಲೆ ಕೆಟ್ಟಿದೆ ಎಂದು ಹೇಳಿ ಮುಗಿಸಿದ್ದರು. ಡಾಕ್ಟರಮ್ಮ ಚಿತ್ರಗಳನ್ನು ಪಕ್ಕಕ್ಕೆ ಸರಿಸಿ, "ನಿಮ್ಮ ಪ್ರೊಫೆಸರಿಗಿಂತ ನಾನು ಹೆಚ್ಚು ತಿಳಿದವಳಲ್ಲಮ್ಮ" ಎಂದು ಕರುಣೆಯಿಂದ ಬೆನ್ನು ತಟ್ಟಿ ಕಳಿಸಿದ್ದರು. ಚಿತ್ರವನ್ನು ಯಾರು ಬೇಕಾದರೂ ಪಕ್ಕಕ್ಕೆ ಸರಿಸಬಹುದು.

ಭಾಷಣದ ದಿನ ಆಸ್ಪತ್ರೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಡಾಕ್ಟರಮ್ಮ. ಪ್ರೊಫೆಸರು ಹೊಸ ಕೋಟು ಹಾಕಿದ್ದರು. ಪರದೆಯ ಮೇಲೆ ಹಸಿರು ಚುಕ್ಕೆಗಳು ನಕ್ಷತ್ರಗಳಂತೆ ಮಿನುಗಿದವು, ಜನ ಅಬ್ಬಾ ಎಂದರು. ಚಿತ್ರ ಬದಲಿಸುವ ಕೆಲಸಕ್ಕೆ ನಾಜೂಕಮ್ಮನನ್ನು ಬದಿಯ ಮೇಜಿನಲ್ಲಿ ಕೂರಿಸಿದ್ದರು. ಮೇಜಿನ ಕೆಳಗೆ ಅವಳು ಎರಡು ಬಿಳಿ ಬಕೆಟ್ಟು ಇಟ್ಟುಕೊಂಡಿದ್ದಳು. "ಮಾತ್ರೆಯ ಪರಿಣಾಮ ಎಷ್ಟಂದ್ರೆ, ಮಾಸಿನ ವಾಸನೆಯೇ ಬದಲಾಗುತ್ತೆ" ಎಂದು ಪ್ರೊಫೆಸರು ನಗಿಸುವ ಧಾಟಿಯಲ್ಲಿ ಹೇಳಿದರು. ಅವಳು ಕಾದಿದ್ದದ್ದು ಆ ಮಾತಿಗೇ. ಎರಡೂ ಬಕೆಟ್ಟು ಎತ್ತಿಕೊಂಡು ಮುಂದಿನ ಸಾಲಿನ ಎದುರಿಗೆ ಬಂದು ನೆಲದ ಮೇಲಿಟ್ಟಳು. ಗ್ಲೌಸು ಇರಲಿಲ್ಲ, ಮುಲಾಮು ಇರಲಿಲ್ಲ.

"ಇವೆರಡರಲ್ಲೂ ಇರೋದು ಒಂದೇ ಮಾಸು" ಎಂದಳು. "ತಾಯಿ ಗಟ್ಟಿಮುಟ್ಟು. ಆ ಮಾತ್ರೆ ಕಣ್ಣಲ್ಲೂ ಕಂಡೋಳಲ್ಲ. ಅರ್ಧ ಆವಾಗಲೇ ಫಾರ್ಮಲಿನ್‌ಗೆ ಹಾಕಿದ್ದು. ಇನ್ನರ್ಧ, ಮಾತ್ರೆ ತಾಯಂದಿರದ್ದನ್ನೆಲ್ಲ ಇಟ್ಟಿರ್ತಾರಲ್ಲ, ನಿಮ್ಮದೇ ಕಟ್ಟಡದ ಕಿಟಕಿ, ಅಲ್ಲಿ ನಿನ್ನೆಯಿಂದ ಕೂತಿತ್ತು."

ಎರಡನೆಯ ಬಕೆಟ್ಟಿನ ಮುಚ್ಚಳ ತೆಗೆದಳು.

ನಾತ ಮೊದಲು ಮುಂದಿನ ಸಾಲಿಗೆ, ಆಮೇಲೆ ಅದರ ಹಿಂದಿನದಕ್ಕೆ ಹಬ್ಬಿತು. ಕೈಗಳು ಮೂಗಿಗೆ ಹೋದವು. ಯಾರೋ ಥೂ ಎಂದರು. ದೊಡ್ಡ ದೊಡ್ಡ ಡಾಕ್ಟರುಗಳು ಕರವಸ್ತ್ರಕ್ಕೆ ತಡಕಾಡಿದರು. "ಮುಚ್ಚು ಅದನ್ನ! ಅಸಹ್ಯ!" ಎಂದು ಪ್ರೊಫೆಸರು ಮೈಕಿನಲ್ಲೇ ಕೂಗಿಬಿಟ್ಟರು.

"ಸರ್, ಇದಕ್ಕೆ ಮಾತ್ರೆ ವಾಸನೆ ಅಂತ ಹೆಸರಿಟ್ಟಿದ್ದು ನೀವೇ" ಎಂದಳು ನಾಜೂಕಮ್ಮ. ಆ ಸಭಾಂಗಣದಲ್ಲಿ ಮೂಗು ಮುಚ್ಚಿಕೊಳ್ಳದೆ ನಿಂತಿದ್ದವಳು ಅವಳೊಬ್ಬಳೇ.

ಡಾಕ್ಟರಮ್ಮ ಎದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಕೆಟ್ಟಿನ ಮೇಲೆ ಬಗ್ಗಿದರು, ನೋಡಿದರು, ಆಮೇಲೆ ಪಕ್ಕದ ಬಕೆಟ್ಟನ್ನೂ ನೋಡಿದರು. ಯಾರ ಮುಖವನ್ನೂ ನೋಡದೆ ಬಾಗಿಲಿನತ್ತ ನಡೆದು ಹೊರಟುಹೋದರು. ಪ್ರೊಫೆಸರು ಕಿಟಕಿ ತೆಗೆಸಿ, ಗಾಳಿ ಆಡಿಸಿ, ನಕ್ಕು, ಭಾಷಣ ಮುಂದುವರಿಸಿದರು. ನಾಳೆಯಿಂದ ಲ್ಯಾಬಿಗೆ ಬರಬೇಡವೆಂದು ಅವಳಿಗೆ ಅಲ್ಲೇ ಪಿಸುಮಾತಿನಲ್ಲಿ ಹೇಳಿಯೂ ಆಯಿತು.

ಎಲ್ಲ ಕೈಬಿಟ್ಟು ಹೋಯಿತು ಎಂದುಕೊಂಡು ಅವಳು ನೇರ ತಂಗಿಯ ಮನೆಗೆ ನಡೆದಳು. ಮಾತ್ರೆ ನುಂಗು ಎಂದು ಕಾಲಿಗೆ ಬಿದ್ದಾದರೂ ಹೇಳಬೇಕು. ನುಂಗಿದರೆ ಎಲ್ಲ ಸರಿಹೋಗುತ್ತದೆ ಎಂದು ಮಾತು ಕೊಡಲು ಅವಳಿಂದಾಗದು. ಮಾತ್ರೆಯ ಮೇಲೆ ಹೊರಿಸಿದ ಅಪವಾದ ಸುಳ್ಳು, ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಬಾಗಿಲು ತೆಗೆದ ತಂಗಿ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ಏನೇ ಇದು ನಾತ! ನೀನೇನಾ? ಆ ಕಡೆ ಕೂತ್ಕೋ."

ಅವಳು ಆ ಕಡೆ ಕೂತಳು. ಊಟದ ಮೇಜಿನ ಮೇಲೆ ನೀರಿನ ಲೋಟ ಇತ್ತು. ಅದರ ಪಕ್ಕದಲ್ಲಿ ಹಳದಿ ಮಾತ್ರೆಯ ಬಾಟಲಿ, ಮುಚ್ಚಳ ತೆಗೆದಿತ್ತು.

"ಈಗಷ್ಟೇ ಡಾಕ್ಟರಮ್ಮ ಫೋನು ಮಾಡಿದ್ರು" ಎಂದಳು ತಂಗಿ, ಊದಿದ ಬೆರಳುಗಳಿಂದ ಮಾತ್ರೆಯನ್ನು ಕಷ್ಟಪಟ್ಟು ಹಿಡಿದು. "ಇವತ್ತಿಂದಲೇ ಮತ್ತೆ ಶುರು ಮಾಡು ಅಂದ್ರು. ಎಲ್ಲಾ ಬಸುರಿಯರಿಗೂ ಅವರೇ ಕೂತು ಫೋನು ಮಾಡ್ತಿದಾರಂತೆ. ಯಾಕೆ ಅಂತ ಕೇಳಿದ್ರೆ ಹೇಳ್ಲಿಲ್ಲ. ಮಗುವಿನ ಎದೆ ಬಡಿತ ಗಟ್ಟಿಯಾಗಿದೆ, ಇನ್ನೂ ಟೈಮಿದೆ, ಬೆಳೀಬಹುದು ಅಂದ್ರು. ಬೇಜಾರು ಮಾಡ್ಕೋಬೇಡ ಅಂದ್ರು. ಅಳ್ತಿದ್ರು ಅನ್ಸುತ್ತೆ." ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಅಕ್ಕನತ್ತ ತಿರುಗಿದಳು. "ಏನೇ, ನಿಮ್ಮ ಪ್ರೊಫೆಸರು ಇನ್ನೇನಾದ್ರೂ ಹೊಸದು ಕಂಡುಹಿಡಿದ್ರಾ?"

ನಾಜೂಕಮ್ಮ ತನ್ನ ಬರಿಗೈಗಳನ್ನು ನೋಡಿಕೊಂಡಳು.

"ಹೂಂ" ಎಂದಳು. "ಮಾಂಸ ಬಿಸಿಲಲ್ಲಿಟ್ರೆ ಕೊಳೆಯುತ್ತೆ ಅಂತ."